ಹೊಸ ಮನೆಯ ಬಿಸಿನೀರು: ಪೈಪು ಹಾಕಿಸುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಮನೆ ಕಟ್ಟಿಸುತ್ತಿರುವ ನಮ್ಮ ಕನ್ನಡ ಬಳಗದವರಿಗೆ ಒಂದು ಮಾತು. ಗೋಡೆಯೊಳಗೆ ಪೈಪು ಕೂರುವ ಮೊದಲೇ ಬಿಸಿನೀರಿನ ಲೆಕ್ಕ ಮುಗಿಸಿಕೊಳ್ಳಿ. ಆಮೇಲಾದರೆ ಟೈಲ್ಸ್ ಒಡೆಯಬೇಕಾಗುತ್ತದೆ.

100 ಲೀಟರ್ ನೀರನ್ನು 20ರಿಂದ 45 ಡಿಗ್ರಿಗೆ ಕಾಯಿಸಲು ಸಾದಾ ಗೀಸರ್‌ಗೆ ಸುಮಾರು 3 ಯೂನಿಟ್ ಕರೆಂಟ್ ಬೇಕು. ಹೀಟ್ ಪಂಪ್‌ಗೆ ಹೆಚ್ಚುಕಮ್ಮಿ 1 ಯೂನಿಟ್ ಸಾಕು. ಅದು ಹೊರಗಿನ ಗಾಳಿಯ ಶಾಖವನ್ನೇ ಎಳೆದು ನೀರಿಗೆ ಕೊಡುತ್ತದೆ. ಬೆಲೆ ಮಾತ್ರ ಜಾಸ್ತಿ.

ಸ್ವಂತ ತಾರಸಿ ಇದ್ದರೆ ನಾನು ಸೋಲಾರ್ ವಾಟರ್ ಹೀಟರ್ ಹಾಕಿಸಿ ಅಂತಲೇ ಹೇಳುತ್ತೇನೆ. ಹೀಟರ್‌ನ ಮುಖ ದಕ್ಷಿಣಕ್ಕಿರಲಿ. ಡಿಸೆಂಬರ್‌ನಲ್ಲಿ ಸೂರ್ಯ ತಗ್ಗಿರುತ್ತಾನೆ, ಪಕ್ಕದ ಕಟ್ಟಡದ ನೆರಳು ಎಲ್ಲಿಯವರೆಗೆ ಬರುತ್ತದೆ ಅಂತ ತಾರಸಿಯಲ್ಲೇ ನಿಂತು ನೋಡಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಬಿಸಿಲಿಗೆ ನೀರು ಕಾಯುವ ಅದರ ಗಾಜಿನ ಕೊಳವೆಯೊಳಗೆ ಬಿಳಿ ಪದರ ಕಟ್ಟುತ್ತದೆ. ಅಂಥ ಕಡೆ ಹೀಟ್ ಎಕ್ಸ್‌ಚೇಂಜರ್ (ಬೋರ್‌ವೆಲ್ ನೀರನ್ನು ಕೊಳವೆಗೆ ಬಿಡದೆ, ಶಾಖ ಮಾತ್ರ ದಾಟಿಸುವ ವ್ಯವಸ್ಥೆ) ಇರುವುದನ್ನೇ ಕೇಳಿ. ಮೋಡದ ದಿನಗಳಿಗೆ ಕರೆಂಟಿನ ಬ್ಯಾಕಪ್ ಇರಲಿ.

ಬಚ್ಚಲು ದೂರವಾದಷ್ಟೂ ಮೊದಲು ಬರುವ ತಣ್ಣೀರು ಸುಮ್ನೆ ಚರಂಡಿಗೆ ಹೋಗುತ್ತದೆ, ಅಲ್ವಾ? ಪೈಪಿನ ದಾರಿ ಚಿಕ್ಕದಿರಲಿ, ಅದಕ್ಕೆ ಫೋಮ್ ಸುತ್ತಿಸಿ. ಇಲ್ಲಿನ ಚಳಿಗೆ ರೂಮ್ ಹೀಟರ್ ಬೇಕಿಲ್ಲ, ದಕ್ಷಿಣಕ್ಕೊಂದು ದೊಡ್ಡ ಕಿಟಕಿ ಇಟ್ಟರಾಯಿತು.

ಮನೆ ಪ್ಲಾನ್ ಇರುವವರು ಇಲ್ಲೇ ಹಾಕಿ, ಸೇರಿ ನೋಡೋಣ.