ಹೇಮರ್ ಅವರ ಹೊಲವನ್ನೂ ನೆನೆಯಬೇಕು

ಮಾನ್ಯ ಸಂಪಾದಕರೇ,

ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟವೆಂದೊಡನೆ ನಮ್ಮಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರೇ ಹೆಚ್ಚಾಗಿ ಕೇಳಿಬರುತ್ತದೆ. ಮಿಸಿಸಿಪಿಯ ಹತ್ತಿ ಹೊಲಗಳಲ್ಲಿ ಎಳವೆಯಿಂದಲೇ ದುಡಿದ ಫ್ಯಾನಿ ಲೂ ಹೇಮರ್ ಅವರೂ ಅಷ್ಟೇ ಗೌರವಕ್ಕೆ ಅರ್ಹರು. ಪಾಲಿಗೆ ಹೊಲ ಮಾಡುತ್ತಿದ್ದ ದಂಪತಿಯ 20 ಮಕ್ಕಳಲ್ಲಿ ಕೊನೆಯವರಾಗಿ 1917ರಲ್ಲಿ ಹುಟ್ಟಿದ ಅವರು, 1962ರ ಆಗಸ್ಟ್‌ನಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಇಂಡಿಯನೋಲಾ ಪಟ್ಟಣಕ್ಕೆ ಹೋದರೆಂಬ ಒಂದೇ ಕಾರಣಕ್ಕೆ, 18 ವರ್ಷ ದುಡಿದ ಜಮೀನಿನಿಂದ ಮಾಲೀಕ ಅವರನ್ನು ಹೊರಹಾಕಿದ. ಮರುವರ್ಷ ವಿನೋನಾದ ಜೈಲಿನಲ್ಲಿ ಬಿದ್ದ ಏಟುಗಳಿಂದ ಮೂತ್ರಪಿಂಡಕ್ಕೆ ಶಾಶ್ವತ ಹಾನಿಯಾಯಿತು. ಈ ಯಾತನೆಯನ್ನು 1964ರಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದ ಸಮಿತಿಯೆದುರು ಅವರು ಹೇಳುತ್ತಿದ್ದಾಗ, ಜನರ ಗಮನ ಬೇರೆಡೆಗೆ ತಿರುಗಲೆಂದು ಅಧ್ಯಕ್ಷ ಜಾನ್ಸನ್ ತರಾತುರಿಯಲ್ಲಿ ಪತ್ರಿಕಾಗೋಷ್ಠಿ ಕರೆದರೂ, ಅದೇ ರಾತ್ರಿ ದೂರದರ್ಶನ ವಾಹಿನಿಗಳು ಆ ಸಾಕ್ಷ್ಯವನ್ನು ದೇಶಕ್ಕೆಲ್ಲ ತೋರಿಸಿದವು.

ನನ್ನ ದೃಷ್ಟಿಯಲ್ಲಿ ಅವರ ಅತಿ ದೊಡ್ಡ ಕೆಲಸ ಇನ್ನೊಂದಿದೆ. ಮತದಾನದ ಹಕ್ಕು ಕೇಳಿದವರ ಕೂಲಿ ಕಿತ್ತುಕೊಂಡು ಹಸಿವಿನಿಂದ ಮಣಿಸುವ ಜಮೀನ್ದಾರರ ತಂತ್ರವನ್ನು ಸ್ವತಃ ಅನುಭವಿಸಿದ್ದ ಹೇಮರ್, 1969ರಲ್ಲಿ ಸನ್‌ಫ್ಲವರ್ ಕೌಂಟಿಯಲ್ಲಿ ಫ್ರೀಡಮ್ ಫಾರ್ಮ್ ಎಂಬ ಸಹಕಾರಿ ಕೃಷಿಭೂಮಿಯನ್ನು ಕಟ್ಟಿದರು. ಅಲ್ಲಿ ತರಕಾರಿ ಬೆಳೆದು ಹಂಚಿದ್ದಲ್ಲದೆ, ಗಬ್ಬದ ಹಂದಿಯನ್ನು ಬಡ ಕುಟುಂಬಕ್ಕೆ ಕೊಟ್ಟು, ಮರಿಗಳನ್ನು ಅವರಿಗೇ ಬಿಟ್ಟು, ತಾಯಿಹಂದಿಯನ್ನು ಮರಳಿ ಪಡೆಯುವ ‘ಹಂದಿ ಬ್ಯಾಂಕ್’ ನಡೆಸಿದರು. ಸಾಲದ ಹೊರೆಯಿಂದ ಆ ಭೂಮಿ ಉಳಿಯಲಿಲ್ಲ. 1977ರಲ್ಲಿ ಹೇಮರ್ ತೀರಿಕೊಂಡರು. ನಾಗರಿಕ ಹಕ್ಕುಗಳ ಕುರಿತ ಲೇಖನಗಳಲ್ಲಿ ಈ ಪ್ರಯತ್ನಕ್ಕೂ ಪತ್ರಿಕೆಯು ಸ್ಥಳ ಕೊಡಬೇಕೆಂದು ವಿನಂತಿಸುತ್ತೇನೆ.

– ಓದುಗರೊಬ್ಬರು, ಧಾರವಾಡ