ಕಿತ್ತುಹೋದ ಉಗುರಿಗೆ ಒಂದು ವಾರದ ವಿನಾಯಿತಿ ಸಾಲದು

ಮಾನ್ಯ ಸಂಪಾದಕರೇ,

ಎಡವಿ ಬಿದ್ದು ಕಾಲ್ಬೆರಳಿನ ಉಗುರು ಕಿತ್ತುಕೊಂಡ ಮಕ್ಕಳಿಗೆ ನಮ್ಮ ಊರಿನ ಹಲವು ಶಾಲೆಗಳಲ್ಲಿ ಹೆಚ್ಚೆಂದರೆ ಒಂದು ವಾರ ಚಪ್ಪಲಿಯಲ್ಲಿ ಬರಲು ಬಿಟ್ಟು, ಆಮೇಲೆ ಎಂದಿನಂತೆ ಶೂ ಮತ್ತು ಕಾಲುಚೀಲ ಕಡ್ಡಾಯವೆನ್ನುವ ರೂಢಿಯಿದೆ. ಮಂಗಳೂರಿನ ಆಸ್ಪತ್ರೆಯೊಂದರ ಡ್ರೆಸ್ಸಿಂಗ್ ಕೋಣೆಯಲ್ಲಿ ಬಹುಕಾಲ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದ ನಾನು, ಮಳೆಗಾಲದ ಮಟ್ಟಿಗಾದರೂ ಈ ಗಡುವನ್ನು ಸಡಿಲಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಶಾಲಾ ಆಡಳಿತಗಳನ್ನು ಕೇಳಿಕೊಳ್ಳುತ್ತಿದ್ದೇನೆ.

ಒಂದು ವಾರವೆಂಬ ಲೆಕ್ಕ ಎಲ್ಲಿಂದ ಬಂತೋ ತಿಳಿಯದು. ಬಹುಶಃ ರಕ್ತ ನಿಂತು ನೋವು ಇಳಿಯುವ ಅವಧಿಯನ್ನೇ ಗಾಯ ಮಾಯುವ ಅವಧಿಯೆಂದು ಭಾವಿಸಿರಬೇಕು. ಉಗುರು ಹುಟ್ಟುವುದು ಅದರ ಬುಡದಲ್ಲಿ, ಚರ್ಮದ ಮರೆಯಲ್ಲಿ. ಆ ಬುಡಕ್ಕೆ ಹೆಚ್ಚಿನ ಪೆಟ್ಟಾಗಿರದಿದ್ದರೆ ಹೊಸ ಉಗುರು ಸಾಮಾನ್ಯವಾಗಿ ಬಂದೇ ಬರುತ್ತದೆ. ಆದರೆ ಕಾಲಿನ ಉಗುರು ಬೆಳೆಯುವುದು ತಿಂಗಳಿಗೆ ಸುಮಾರು 1.5 ಮಿಲಿಮೀಟರ್, ಅಂದರೆ ಕೈಯುಗುರಿನ ಅರ್ಧದಷ್ಟು ವೇಗದಲ್ಲಿ. ದೊಡ್ಡವರ ಹೆಬ್ಬೆರಳಿನ ಉಗುರು ಪೂರ್ತಿ ತುಂಬಲು 12ರಿಂದ 18 ತಿಂಗಳು ಬೇಕು. ಮಕ್ಕಳಲ್ಲಿ ಇದು ಕೊಂಚ ಬೇಗ ಆಗುವುದುಂಟು, ಆದರೂ ವಾರಗಳಲ್ಲಿ ಮುಗಿಯುವ ಕೆಲಸವಲ್ಲ. ಉಗುರಿನಡಿಯ ಹಸಿ ಚರ್ಮ ಗಟ್ಟಿಯಾಗುವವರೆಗೆ ಅದರ ಮೇಲೆ ಕಾಲುಚೀಲದ ನೂಲು ಉಜ್ಜಿದರೂ ಮಗು ಕುಂಟುತ್ತದೆ.

ನಮ್ಮ ಜಿಲ್ಲೆಯ ಮಳೆ ಈ ತೊಂದರೆಯನ್ನು ಇಮ್ಮಡಿಗೊಳಿಸುತ್ತದೆ. ಪಾಚಿಗಟ್ಟಿದ ಮುರಕಲ್ಲಿನ ಮೆಟ್ಟಿಲು, ನೀರು ತುಂಬಿದ ರಸ್ತೆಯಲ್ಲಿ ಕಣ್ಣಿಗೆ ಬೀಳದ ಚರಂಡಿಯ ಚಪ್ಪಡಿ, ಇವುಗಳಿಗೆ ಬೆರಳು ತಾಗಿಸಿಕೊಂಡು ಬರುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕೋಣೆಗೆ ತಪ್ಪುತ್ತಲೇ ಇರಲಿಲ್ಲ. ಬೆಳಗ್ಗೆ ಬಸ್ಸು ಹಿಡಿಯುವಷ್ಟರಲ್ಲೇ ಒದ್ದೆಯಾದ ಶೂವನ್ನು ಸಂಜೆಯವರೆಗೆ ಹಾಕಿಕೊಂಡಿದ್ದ ಮಗುವಿನ ಪಟ್ಟಿ ಬಿಚ್ಚಿದಾಗ, ಬೆರಳಿನ ಚರ್ಮ ಬೆಳ್ಳಗೆ ನೆನೆದು ಸುಕ್ಕುಗಟ್ಟಿ, ಗಾಜ್ ಬಟ್ಟೆಯ ಜೊತೆಯಲ್ಲೇ ಎದ್ದು ಬರುವುದನ್ನು ನೋಡಿದವರು ಮತ್ತೆ ಶೂವಿನ ಮಾತೆತ್ತಲಾರರು. ಹೀಗೆ ನೆನೆದ ಚರ್ಮಕ್ಕೆ ಸೋಂಕು ಸುಲಭವಾಗಿ ಹತ್ತುತ್ತದೆ, ಶಿಲೀಂಧ್ರ ಸೇರಿಕೊಂಡರೆ ಹೊಸದಾಗಿ ಬರುವ ಉಗುರೂ ಹಳದಿಯಾಗಿ ದಪ್ಪಗಟ್ಟುತ್ತದೆ. ಉಗುರಿಲ್ಲದ ಬೆರಳಿನ ತುದಿಯ ಮಾಂಸ ಮೇಲಕ್ಕೆ ಉಬ್ಬಿಕೊಳ್ಳುವುದೂ ಇದೆ; ಬಿಗಿ ಶೂವಿನ ಒತ್ತಡವೂ ಸೇರಿದರೆ ಹೊಸ ಉಗುರಿನ ಅಂಚು ಆ ಮಾಂಸದೊಳಗೆ ನುಗ್ಗಿ, ಮೊದಲಿನ ಗಾಯಕ್ಕಿಂತ ಹೆಚ್ಚು ಕಾಡುತ್ತದೆ.

ಹಾಗೆಂದು ಬೆರಳು ಪೂರ್ತಿ ತೆರೆದಿರುವ ಹವಾಯಿ ಚಪ್ಪಲಿಯಲ್ಲಿ ಕೆಸರು ನೀರು ತುಳಿಯಬಹುದೆಂದು ನಾನು ಹೇಳುತ್ತಿಲ್ಲ. ಇಲಿಯ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿದರೆ ಇಲಿಜ್ವರ ಬರುವ ಅಪಾಯವಿದೆ, ಮತ್ತು ಉಡುಪಿ, ದಕ್ಷಿಣ ಕನ್ನಡದವರಿಗೆ ಆ ಕಾಯಿಲೆ ಹೊಸತೇನಲ್ಲ. ಅಡಿ ಗಟ್ಟಿಯಿರುವ, ಮುಂಭಾಗ ಅಗಲವಾಗಿರುವ, ಪಟ್ಟಿಯಿಂದ ಬಿಗಿಯಬಹುದಾದ ಸ್ಯಾಂಡಲ್ ಸಾಕು. ಶಾಲೆ ತಲುಪಿದ ಮೇಲೆ ಕಾಲು ತೊಳೆದು ಒರೆಸಿ, ಒಣ ಪಟ್ಟಿ ಕಟ್ಟಿಕೊಳ್ಳಲು ಮಗುವಿಗೆ ಐದು ನಿಮಿಷ ಬಿಡುವು ಕೊಟ್ಟರೆ ಪಾಠಕ್ಕೇನೂ ನಷ್ಟವಿಲ್ಲ.

ಹೆತ್ತವರಿಗೂ ಎರಡು ಮಾತು. ಪೆಟ್ಟಾದ ಕೂಡಲೇ ಕಾಫಿಪುಡಿ ಮೆತ್ತುವ ಅಭ್ಯಾಸ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಆ ಪುಡಿಯನ್ನು ಹಸಿ ಗಾಯದಿಂದ ತೊಳೆದು ತೆಗೆಯುವಾಗ ಮಗು ಪಡುವ ಪಾಡು ಉಗುರು ಕಿತ್ತಾಗಿನ ನೋವಿಗಿಂತ ಕಡಿಮೆಯೇನಲ್ಲ. ಹರಿಯುವ ಶುದ್ಧ ನೀರಿನಲ್ಲಿ ತೊಳೆದು, ಒಣ ಬಟ್ಟೆಯಿಂದ ಒತ್ತಿ ಹಿಡಿದು, ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಟ್ಟರೆ ರಕ್ತ ನಿಲ್ಲುತ್ತದೆ. ಅರ್ಧ ಕಿತ್ತು ನೇತಾಡುವ ಉಗುರನ್ನು ಎಳೆದು ತೆಗೆಯಬಾರದು. ಬಟ್ಟೆಗೆ ಸಿಕ್ಕಿಕೊಳ್ಳುವ ಸಡಿಲ ತುದಿಯನ್ನಷ್ಟೇ ಕತ್ತರಿಸಿ, ಅಂಟಿಕೊಂಡಿರುವ ಭಾಗವನ್ನು ಹಾಗೇ ಬಿಡಬೇಕು. ಗಾಯದ ಮೇಲೆ ವ್ಯಾಸಲೀನ್ ತೆಳುವಾಗಿ ಸವರಿ ಪಟ್ಟಿ ಕಟ್ಟಿದರೆ ಅದು ಅಂಟುವುದಿಲ್ಲ, ಅಂಟಿದ್ದರೂ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ತಾನಾಗಿ ಬಿಡುತ್ತದೆ. ದಿನವೂ ಸ್ಪಿರಿಟ್ ಸುರಿಯುವುದರಿಂದ ಉರಿ ಹೆಚ್ಚುತ್ತದೆಯೇ ಹೊರತು ಗಾಯ ಬೇಗ ಮಾಯುವುದಿಲ್ಲ.

ಉಗುರಿನಡಿ ರಕ್ತ ಕಟ್ಟಿ ಕಪ್ಪಾಗಿ ಮಿಡಿಯುತ್ತಿದ್ದರೆ ಮೊದಲ ಒಂದೆರಡು ದಿನಗಳಲ್ಲೇ ವೈದ್ಯರ ಬಳಿ ಹೋಗುವುದು ಲೇಸು. ಅವರು ಉಗುರಿಗೆ ಚಿಕ್ಕ ರಂಧ್ರ ಮಾಡಿ ರಕ್ತ ಹೊರಬಿಟ್ಟರೆ ನೋವು ಬೇಗನೆ ಇಳಿಯುತ್ತದೆ. ಮನೆಯಲ್ಲಿ ಸೂಜಿ ಕಾಯಿಸಿ ಚುಚ್ಚುವ ಸಾಹಸ ಯಾರೂ ಮಾಡಬಾರದು. ಬೆರಳು ಊದಿ ನೆಲಕ್ಕೆ ಊರಲಾಗದಿದ್ದರೆ ಮೂಳೆ ಬಿರಿದಿದೆಯೇ ಎಂದು ಎಕ್ಸ್‌ರೇ ತೆಗೆಸಬೇಕಾಗುತ್ತದೆ. ಧನುರ್ವಾಯು ತಡೆಯುವ (ಟಿಟಿ) ಚುಚ್ಚುಮದ್ದು ಹಿಂದೆ ಯಾವಾಗ ಆಗಿತ್ತೆಂಬುದನ್ನೂ ವೈದ್ಯರಿಗೆ ತಿಳಿಸಬೇಕು. ಕೀವು, ಜ್ವರ, ಮೇಲಕ್ಕೇರುವ ಕೆಂಪು ಗೆರೆ ಕಂಡರೆ ಮರುದಿನಕ್ಕೂ ಕಾಯಬಾರದು. ಮನೆಯ ಹಿರಿಯರಲ್ಲಿ ಸಕ್ಕರೆ ಕಾಯಿಲೆಯವರಿಗೆ ಉಗುರು ಕಿತ್ತರೆ, ನೋವಿಲ್ಲವೆಂದು ಅವರು ಹೇಳಿದರೂ ಆಸ್ಪತ್ರೆಗೆ ಕರೆದೊಯ್ಯಿರಿ, ಏಕೆಂದರೆ ಪಾದದ ಸ್ಪರ್ಶಜ್ಞಾನ ಕುಗ್ಗಿದವರಿಗೆ ಗಾಯ ಹದಗೆಡುವುದು ತಿಳಿಯುವುದೇ ಇಲ್ಲ.

ಮಲ್ಪೆ ಬಂದರಿನಲ್ಲಿ ನೀರಿನಲ್ಲಿ ನಿಂತು ದುಡಿಯುವವರಿಗೂ, ದಿನವಿಡೀ ಶೂ ಹಾಕಿ ನಿಲ್ಲುವ ಕಾವಲುಗಾರರಿಗೂ ಇದೇ ಕಷ್ಟವಿದೆಯೆಂಬುದನ್ನು ಬಲ್ಲೆ. ಆದರೆ ಶಾಲೆಯ ನಿಯಮವನ್ನು ಬದಲಿಸುವುದಕ್ಕೆ ಖರ್ಚಿಲ್ಲ, ಮುಖ್ಯೋಪಾಧ್ಯಾಯರ ಒಂದು ಸಹಿ ಸಾಕು. ಹೆತ್ತವರಿಗೆ ವರ್ಷಾರಂಭದಲ್ಲಿ ಕಳಿಸುವ ಸೂಚನಾ ಪತ್ರದಲ್ಲಿ, ಕಾಲಿಗೆ ಗಾಯವಾದ ಮಗು ವೈದ್ಯರು ಹೇಳುವವರೆಗೆ ಸ್ಯಾಂಡಲ್‌ನಲ್ಲಿ ಬರಬಹುದು ಎಂಬ ಒಂದು ಸಾಲನ್ನು ಸೇರಿಸಲಿ. ವೈದ್ಯರೂ ಚೀಟಿಯಲ್ಲಿ ‘ವಿಶ್ರಾಂತಿ’ ಎಂದಷ್ಟೇ ಬರೆಯದೆ, ಶೂ ಎಷ್ಟು ವಾರ ಬೇಡ ಎಂಬುದನ್ನು ಸ್ಪಷ್ಟವಾಗಿ ಬರೆದುಕೊಟ್ಟರೆ ತರಗತಿಯ ಬಾಗಿಲಲ್ಲಿ ಮಗು ವಾದಿಸುತ್ತ ನಿಲ್ಲುವುದು ತಪ್ಪುತ್ತದೆ.

ಇಂತಿ,
ನಿವೃತ್ತ ಶುಶ್ರೂಷಕಿ, ಕದ್ರಿ, ಮಂಗಳೂರು