ಭಾಗಮಂಡಲಕ್ಕೆ ಹೋಗಿ ಬಾ ಪುಟ್ಟೀ

ಪುಟ್ಟೀ,

ನಿನ್ನೆ ಫೋನಲ್ಲಿ ನೀನು ಹೇಳಿದ್ದೇ ರಾತ್ರಿಯೆಲ್ಲ ತಲೇಲಿ ಓಡ್ತಾ ಇತ್ತು, ಬೆಳಿಗ್ಗೆ ಕಾಫಿ ಕುಡಿದವಳೇ ಬರೆಯೋಕೆ ಕೂತೆ. ಶನಿವಾರ ಇಬ್ಬರೇ ಭಾಗಮಂಡಲಕ್ಕೆ ಹೋಗಿ ಬರೋಣ ಅಂತ ಅಳಿಯಂದಿರು ಸಡನ್ನಾಗಿ ಹೊರಟರಂತೆ, ನಿಮ್ಮತ್ತೆ ಮಾತ್ರ ಸಂಕ್ರಮಣಕ್ಕೆ ಇನ್ನು ಮೂರೇ ವಾರ, ಎಲ್ಲರೂ ಒಟ್ಟಿಗೆ ಹೋಗೋಣ ಈಗೇನು ಅವಸರ ಅಂದ್ರಂತೆ, ನಿಂಗೆ ಯಾರ ಮಾತು ಕೇಳೋದು ಅಂತ ಸಂಕಟ.

ಇಬ್ಬರದ್ದೂ ಕೇಳು. ಈಗ ನೀವಿಬ್ಬರು ಹೋಗಿ ಬನ್ನಿ, ಅಕ್ಟೋಬರಲ್ಲಿ ತುಲಾ ಸಂಕ್ರಮಣಕ್ಕೆ ಮನೆಯವರ ಜೊತೆ ಇನ್ನೊಂದ್ಸಲ ಹೋಗು. ಅವತ್ತು ತೀರ್ಥೋದ್ಭವ, ತಲಕಾವೇರೀಲಿ ಕಾವೇರಿ ಉಕ್ಕಿ ಬರೋ ಕುಂಡಿಕೆ ಹತ್ರ ಕಾಲಿಡೋಕೆ ಜಾಗ ಇರಲ್ಲ, ಆ ಜನದ ಮಧ್ಯೆ ನಿಂತು ಕಾವೇರಮ್ಮಾ ಅಂತ ಕೂಗೋ ಖುಷಿ ಬೇರೆ, ಇಬ್ಬರೇ ಹೊಳೆ ಬದೀಲಿ ಸುಮ್ನೆ ಕೂರೋದೇ ಬೇರೆ. ಆದ್ರೆ ಅತ್ತೆಗೆ ಹೇಳದೆ ಹೋಗ್ಬೇಡ. ಎದುರಿಗೆ ಕೂತು, ನಿಮಗೂ ತೀರ್ಥ ತರ್ತೀವಿ ಅತ್ತೆ ಅನ್ನು, ಅವರು ಖಂಡಿತ ಹೋಗಿ ಬನ್ನಿ ಅಂತಾರೆ.

ನಮ್ಮ ಮದುವೆಯಾದ ಎರಡನೇ ವರ್ಷ ಅದು, ಮಾರ್ಚ್ ತಿಂಗಳು, ಕಾಫಿ ಕುಯ್ಲು ಮುಗಿದು ಕಣದಲ್ಲಿದ್ದ ಕಾಫಿನೂ ಮೂಟೆ ಕಟ್ಟಿ ಆಗಿತ್ತು. ನಿನ್ನ ದೊಡ್ಡಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತು "ಬರ್ತೀಯಾ, ಭಾಗಮಂಡಲಕ್ಕೆ ಹೋಗಿ ಬರೋಣ" ಅಂದ್ರು. ಇಡ್ಲಿಗೆ ಅಕ್ಕಿ ನೆನೆಹಾಕಿದ್ದೀನಿ ಅಂದೆ. ನೆನೀಲಿ ಬಿಡು ಅಂದ್ರು. ಫ್ಲಾಸ್ಕಿಗೆ ಕಾಫಿ ತುಂಬ್ಕೊಂಡು ಸ್ಕೂಟರ್ ಹತ್ತಿದ್ದೇ, ಮಡಿಕೇರಿಯಿಂದ ಹತ್ರ ಹತ್ರ 40 ಕಿಲೋಮೀಟರ್, ಬೆಟ್ಟಗೇರಿ ಚೇರಂಬಾಣೆ ದಾಟೋವರೆಗೂ ನಾನು ಅಕ್ಕಿ ಚಿಂತೇಲೇ ಇದ್ದೆ. ಸಂಗಮದಲ್ಲಿ ನೀರು ಮೊಣಕಾಲಿಗೂ ಬರ್ತಿರಲಿಲ್ಲ. ಕಾವೇರಿ ಇದು, ಕನ್ನಿಕೆ ಅದು, ಸುಜ್ಯೋತಿ ಕಣ್ಣಿಗೆ ಕಾಣಲ್ಲ ಒಳಗಿಂದ ಬರ್ತಾಳೆ ಅಂತ ತೋರಿಸಿದ್ರು. ತೀರ್ಥ ತರೋಕೆ ಏನೂ ಒಯ್ದಿರಲಿಲ್ಲ ನಾವು, ಉಳಿದ ಕಾಫಿ ಇಬ್ಬರೂ ಕುಡಿದು ಮುಗಿಸಿ, ಅವರು ಪಂಚೆ ಎತ್ತಿ ಕಟ್ಟಿ ನೀರಲ್ಲಿ ಕುಕ್ಕರಗಾಲಲ್ಲಿ ಕೂತು ಆ ಫ್ಲಾಸ್ಕ್ ತೊಳೆದ್ರು ನೋಡು, ಮೂಸಿ ಮೂಸಿ, ಕಾಫಿ ವಾಸನೆ ಹೋಗೋವರೆಗೂ ಐದಾರು ಸಲ.

ಆ ನೀರು ಬಾಟಲಿಗೆ ಹಾಕಿ ದೇವರ ಮನೇಲಿಟ್ಟಿದ್ದೆ. ನಮ್ಮತ್ತೆ ಕೊನೆ ದಿನಗಳಲ್ಲಿ ಗಂಜಿನೂ ನುಂಗ್ತಿರಲಿಲ್ಲ, ತುಳಸಿ ಎಲೇಲಿ ಅದೇ ತೀರ್ಥ ಬಿಟ್ಟಾಗ ತುಟಿ ಆಡಿಸಿದ್ರು. ಮಿಕ್ಕಿದ್ದು ನಿನ್ನ ದೊಡ್ಡಪ್ಪನಿಗೇ ಆಯ್ತು. ಕಾಶಿಗೂ ಹೋಗೋಣ ಅಂತ ವರ್ಷಾ ವರ್ಷಾ ಪ್ಲಾನ್ ಹಾಕ್ತಿದ್ವಿ ಪುಟ್ಟೀ, ಟ್ರೈನ್ ಟೈಮ್ ಡೈರೀಲಿ ಬರೆದಿಟ್ಟಿದ್ರು, ಒಂದ್ಸಲ ಮಳೆ, ಒಂದ್ಸಲ ಕಾಫಿಗೆ ರೇಟಿಲ್ಲ, ಒಂದ್ಸಲ ಆಳಿಲ್ಲ. ಹೋಗಲೇ ಇಲ್ಲ. ಅದಕ್ಕೇ ಹೇಳ್ತಿದ್ದೀನಿ, ಅಳಿಯಂದಿರು ಬಾ ಅಂದಾಗ ಹೊರಟುಬಿಡು.

ಹೊರಡೋದಕ್ಕೆ ಮಾತ್ರ ಅವಸರ ಇರಲಿ, ಹೊಳೆ ಹತ್ರ ಬೇಡ. ಮಳೆಗಾಲ ಪೂರ್ತಿ ಹೋಗಿಲ್ಲ ಇನ್ನೂ, ಮೇಲೆ ಬೆಟ್ಟದಲ್ಲಿ ಹೊಯ್ದ್ರೆ ಕೆಳಗೆ ಸಂಗಮ ತುಂಬ್ಕೊಳ್ಳುತ್ತೆ, ಮೆಟ್ಟಿಲೆಲ್ಲ ಪಾಚಿ. ನೀರು ಕೆಂಪಗಿದ್ರೆ ಇಳೀಬೇಡಿ, ತಲೆಗೆ ಪ್ರೋಕ್ಷಣೆ ಮಾಡ್ಕೊಂಡ್ರೂ ಸ್ನಾನವೇ. ಜೋರು ಮಳೆ ಅಂತ ಸುದ್ದಿ ಬಂದ್ರೆ ತಲಕಾವೇರಿ ಹತ್ತೋದು ಬಿಟ್ಟುಬಿಡಿ, 2020ರ ಆಗಸ್ಟಲ್ಲಿ ಬ್ರಹ್ಮಗಿರಿ ಜರಿದು ಅರ್ಚಕರ ಮನೆ ಮಣ್ಣಡಿ ಹೋಗಿದ್ದು ನೆನೆಸಿಕೊಂಡ್ರೆ ಈಗಲೂ ಮೈ ನಡುಗುತ್ತೆ ನಂಗೆ.

ಮೊದಲು ಸಂಗಮ, ಆಮೇಲೆ ಭಗಂಡೇಶ್ವರ, ಆಮೇಲೆ ತಲಕಾವೇರಿ, ನಮ್ಮಲ್ಲಿ ಹಾಗೇ ಹೋಗೋದು. ಈಗಿನವರು ನೇರ ಎಂಟು ಕಿಲೋಮೀಟರ್ ಮೇಲೆ ಹೋಗಿ ಮಂಜಲ್ಲಿ ಫೋಟೋ ತೆಗೆದು ಇಳಿದುಬಿಡ್ತಾರೆ, ನೀವು ಹಾಗೆ ಮಾಡ್ಬೇಡಿ. ಭಗಂಡೇಶ್ವರನ ಗುಡಿ ಮಾಡು ಕೇರಳದ ಕಡೆ ಗುಡಿಗಳ ಥರ, ಒಳಗೆ ಮರದ ಕೆತ್ತನೆ ಕತ್ತೆತ್ತಿ ನಿಧಾನ ನೋಡು. ಮೇಲೆ ಕುಂಡಿಕೆ ಚಿಕ್ಕದು, ಇಷ್ಟೇನಾ ಅನ್ಸುತ್ತೆ ಮೊದಲು, ಅಲ್ಲೇ ಸ್ವಲ್ಪ ಹೊತ್ತು ನಿಲ್ಲು.

ಸ್ವೆಟರ್ ಮರೀಬೇಡ, ಅಳಿಯಂದಿರಿಗೂ ಒಂದು. ವಾಪಸ್ ಬರ್ತಾ ರಾತ್ರಿ ಇಲ್ಲೇ ಉಳೀರಿ, ಕಡಂಬುಟ್ಟು ಮಾಡ್ತೀನಿ. ನಂಗೂ ಒಂದು ಸಣ್ಣ ಬಾಟಲಿ ತೀರ್ಥ ತಗೊಂಡು ಬಾ, ದೇವರ ಮನೇಲಿ ಖಾಲಿಯಾಗಿ ತುಂಬಾ ದಿನ ಆಯ್ತು.

ನಿನ್ನ ದೊಡ್ಡಮ್ಮ